ಸರ್ವರ್ ಸಿ ಡ್ರೈವ್ ಫುಲ್, 212 ಎಂಬಿ ಉಳಿದಿದೆ, ಏನ್ ಡಿಲೀಟ್ ಮಾಡ್ಲಿ?

ಸೊಸೈಟಿ_ಹುಡ್ಗ · ರಾತ್ರಿ 8:52
ನಮಸ್ಕಾರ ಎಲ್ರಿಗೂ. ಮಲ್ನಾಡ್ ಕಡೆ ಒಂದು ಸಹಕಾರಿ ಸೊಸೈಟೀಲಿ ಕಂಪ್ಯೂಟರ್ ನೋಡ್ಕೊಳ್ಳೋನು ನಾನು, ಅಂದ್ರೆ ಪ್ರಿಂಟರ್‌ನಲ್ಲಿ ಪೇಪರ್ ಸಿಕ್ಕಾಕೊಂಡ್ರೂ ನಾನೇ, ಸರ್ವರ್ ಮಲಗಿದ್ರೂ ನಾನೇ. ವಿಂಡೋಸ್ ಸರ್ವರ್ 2016, ಒಂದೇ ಡಬ್ಬ, ಸಿ 60 ಜಿಬಿ, ಡಿ 900 ಚಿಲ್ಲರೆ. ಸಿ ಯಲ್ಲಿ ಈಗ ಉಳಿದಿರೋದು 212 ಎಂಬಿ. ಬೆಳಿಗ್ಗೆ 700 ಇತ್ತು! ಅಕೌಂಟ್ಸ್ ಮೇಡಂ ಲಾಗಿನ್ ಆದ್ರೆ ಟೆಂಪರರಿ ಪ್ರೊಫೈಲ್ ಅಂತ ಬರ್ತಿದೆ, ಪ್ರಿಂಟ್ ಕೊಟ್ರೆ ಸ್ಪೂಲರ್ ನಿಂತೋಗ್ತಿದೆ, ಮಾರ್ಚ್ ಎಂಡ್ ಬೇರೆ, ಸೆಕ್ರೆಟರಿಯವರು ಐದು ನಿಮಿಷಕ್ಕೊಂದ್ಸಲ ಬಾಗಿಲಲ್ಲಿ ಬಂದು ನಿಂತು ನೋಡಿ ಹೋಗ್ತಿದಾರೆ.

ಮಾಡಿದ್ದು ಇಷ್ಟು: ರಿಸೈಕಲ್ ಬಿನ್ ಖಾಲಿ, ಟೆಂಪ್ ಖಾಲಿ, ಬೇಡದ ಎರಡು ಸಾಫ್ಟ್‌ವೇರ್ ಅನ್‌ಇನ್‌ಸ್ಟಾಲ್. 1 ಜಿಬಿ ಸಿಕ್ತು, ಎರಡೇ ದಿನಕ್ಕೆ ಅದೂ ಮಾಯ. ಮೂರು ವಾರದಿಂದ ಹಿಂಗೇ ತಿನ್ಕೊಂಡು ಹೋಗ್ತಿದೆ. ಹೊಸದಾಗಿ ಏನೂ ಹಾಕಿಲ್ಲ, ಸಿಸಿಟಿವಿ ರೆಕಾರ್ಡಿಂಗ್ ಕಾಪಿ ಬರೋಕೆ ಶುರುವಾಗಿದೆ ಅಷ್ಟೇ, ಆದ್ರೆ ಅದು ಡಿ ಡ್ರೈವಿಗೆ, ಸಿ ಗೆ ಸಂಬಂಧ ಇಲ್ಲ. ನನಗಿಂತ ಮುಂಚೆ ಇದ್ದೋರು ಏನ್ ಮಾಡಿಟ್ಟಿದಾರೋ ಗೊತ್ತಿಲ್ಲ. ವಿನ್‌ಎಸ್‌ಎಕ್ಸ್‌ಎಸ್ ಅನ್ನೋ ಫೋಲ್ಡರ್ 11 ಜಿಬಿ ತೋರಿಸ್ತಿದೆ, ಅದನ್ನ ತೆಗೀಬೋದಾ?

ಬೂಟ್_ಆಗದವ · ರಾತ್ರಿ 8:58
ತೆಗೀಬೇಡ. ತೆಗೀಬೇಡ. ತೆಗೀಬೇಡ.

ಕೆಲ್ಸ_ಮುಗ್ಸು · ರಾತ್ರಿ 9:03
ಓನರ್‌ಶಿಪ್ ತಗೊಂಡು ಹಳೇ ಡೇಟಿನವೆಲ್ಲ ಡಿಲೀಟ್ ಹೊಡಿ ಗುರು, ನಾನು ಮನೆ ಪೀಸೀಲಿ ಮಾಡಿದೀನಿ, ಏನೂ ಆಗಿಲ್ಲ.

ಬೂಟ್_ಆಗದವ · ರಾತ್ರಿ 9:11
@ಕೆಲ್ಸ_ಮುಗ್ಸು ದಯವಿಟ್ಟು ಇಂಥ ಸಲಹೆ ಕೊಡ್ಬೇಡಿ. ನನ್ನ ಹೆಸರು ನೋಡಿ, ಸುಮ್ನೆ ಇಟ್ಕೊಂಡಿದ್ದಲ್ಲ. 2012ರ ಸರ್ವರ್ ಒಂದರಲ್ಲಿ ಇದನ್ನೇ ಮಾಡಿದ್ದೆ, ಹಳೇ ಡೇಟಿನ ಫೋಲ್ಡರ್ ಅಂತ ಒಂದು ಹತ್ತು ಸಾವಿರ ಫೈಲ್ ಎತ್ತಿಬಿಟ್ಟೆ, ಅವತ್ತು ಚೆನ್ನಾಗೇ ಓಡ್ತು, ಮುಂದಿನ ಅಪ್‌ಡೇಟ್ ಆದ್ಮೇಲೆ ರೀಸ್ಟಾರ್ಟ್ ಕೊಟ್ಟೆ ನೋಡಿ, ಅದೇ ಕೊನೆ. ಶನಿವಾರ ರಾತ್ರಿ ಪೂರ್ತಿ ಬ್ಯಾಕಪ್‌ನಿಂದ ರಿಸ್ಟೋರ್ ಮಾಡ್ತಾ ಕೂತಿದ್ದೆ.

ಇನ್ನೊಂದು, ಆ 11 ಜಿಬಿ ಅನ್ನೋದೇ ಅರ್ಧ ಸುಳ್ಳು. ವಿನ್‌ಎಸ್‌ಎಕ್ಸ್‌ಎಸ್ ಅಂದ್ರೆ ವಿಂಡೋಸ್ ತನ್ನ ಸಿಸ್ಟಂ ಫೈಲು, ಅಪ್‌ಡೇಟ್ ಫೈಲು ಇಟ್ಕೊಳ್ಳೋ ಉಗ್ರಾಣ. ಅದರ ಒಳಗಿರೋ ಎಷ್ಟೋ ಫೈಲು ಸಿಸ್ಟಂ32 (ವಿಂಡೋಸ್‌ನ ಮುಖ್ಯ ಫೋಲ್ಡರ್) ಒಳಗೆ ಇರೋ ಫೈಲುಗಳೇ, ಹಾರ್ಡ್ ಲಿಂಕ್. ಡಿಸ್ಕ್ ಮೇಲೆ ಫೈಲು ಒಂದೇ, ಹೆಸರು ಎರಡು ಕಡೆ. ಎಕ್ಸ್‌ಪ್ಲೋರರ್ ಎರಡು ಸಲ ಲೆಕ್ಕ ಹಾಕುತ್ತೆ. ರೇಷನ್ ಕಾರ್ಡಲ್ಲಿ ಒಬ್ಬನ ಹೆಸರು ಎರಡು ಮನೇಲಿ ಇದ್ದಂಗೆ. ನಿಜವಾದ ಲೆಕ್ಕ ಬೇಕಂದ್ರೆ ಅಡ್ಮಿನ್ ಕಮಾಂಡ್ ಪ್ರಾಂಪ್ಟಲ್ಲಿ, ಡಿಸಂ ಅಂತ ವಿಂಡೋಸ್ ಜೊತೆಗೇ ಬರೋ ಟೂಲ್ ಇದೆ, ಡಿಸಂ ಆನ್‌ಲೈನ್ ಕ್ಲೀನಪ್-ಇಮೇಜ್ ಅನಲೈಸ್‌ಕಾಂಪೊನೆಂಟ್‌ಸ್ಟೋರ್ ಕೊಡಿ (ಡಿಸಂ ಬಿಟ್ಟು ಪ್ರತಿ ಪದಕ್ಕೂ ಮುಂಚೆ ಸ್ಲ್ಯಾಷ್, ಇಲ್ಲಿ ಕನ್ನಡದಲ್ಲಿ ಬರ್ದಿದೀನಿ ಅಂತ ಅಲ್ಲೂ ಕನ್ನಡದಲ್ಲೇ ಹೊಡೀಬೇಡಿ). ಕ್ಲೀನಪ್ ಮಾಡ್ಬೋದು ಅಂತ ಅದೇ ಹೇಳಿದ್ರೆ ಆಮೇಲೆ ಸ್ಟಾರ್ಟ್‌ಕಾಂಪೊನೆಂಟ್‌ಕ್ಲೀನಪ್.

ಕೆಲ್ಸ_ಮುಗ್ಸು · ರಾತ್ರಿ 9:14
ಸರಿ ಸರಿ, ಮನೆ ಪೀಸಿ ಅಂತ ಹೇಳಿದ್ನಲ್ಲಪ್ಪ

ಧಾರವಾಡದಾಂವ · ರಾತ್ರಿ 9:20
ರೀಸೆಟ್‌ಬೇಸ್ ಅಂತ ಇನ್ನೊಂದ್ ಸ್ವಿಚ್ ಐತ್ರಿ ಅದರಾಗ, ಅದನ್ನೂ ಹಾಕಿದ್ರ ಇನ್ನೂ ಸ್ವಲ್ಪ ಜಾಗಾ ಸಿಗತೈತಿ. ಆದ್ರ ಆಮ್ಯಾಲೆ ಈಗಿರೋ ಯಾವ ಅಪ್‌ಡೇಟೂ ವಾಪಸ್ ತಗ್ಯಾಕ ಬರಂಗಿಲ್ಲ. ಮಾರ್ಚ್ ಎಂಡಿನಾಗ ಅಂತೂ ಅದನ್ನ ಮುಟ್ಟಬ್ಯಾಡ್ರಿ.

ಹಂಗ ವಿಂಡೋಸ್ ಒಳಗ ಇನ್‌ಸ್ಟಾಲರ್ ಅಂತ ಒಂದು ಅಡಗಿಸಿಟ್ಟ ಫೋಲ್ಡರ್ ಐತಿ, ಅದೂ ದೊಡ್ಡದ ಇರತೈತಿ, ಅದನ್ನ ನೋಡಿ ಆಸೆ ಬೀಳಬ್ಯಾಡ್ರಿ. ನಮ್ ಹಳೇ ಆಫೀಸ್ನಾಗ ಒಬ್ಬಾಂವ "ಇನ್‌ಸ್ಟಾಲ್ ಆಗ್ಯಾವಲ್ಲ, ಇನ್ನ ಇನ್‌ಸ್ಟಾಲರ್ ಯಾಕ ಬೇಕು" ಅಂತ ಎಲ್ಲಾ ಒರಸಿ ಒಗದಿದ್ದ. ನಾಕ್ ತಿಂಗಳಾದ ಮ್ಯಾಲೆ ಡೇಟಾಬೇಸಿಗೆ ಪ್ಯಾಚ್ ಹಾಕಾಕ ಹೋದ್ರ ಆ ಎಂಎಸ್‌ಐ (ಇನ್‌ಸ್ಟಾಲರ್) ಫೈಲ್ ಎಲ್ಲಿ ಅಂತ ಕೇಳ್ತು. ಪ್ಯಾಚೂ ಆಗಲಿಲ್ಲ, ಅನ್‌ಇನ್‌ಸ್ಟಾಲೂ ಆಗಲಿಲ್ಲ. ನುಂಗಾಕೂ ಬರದಂಗ ಉಗುಳಾಕೂ ಬರದಂಗ ಕುಂತಿತ್ತು.

ಪೆಂಗ್ವಿನ್_ಪ್ರೇಮಿ · ರಾತ್ರಿ 9:24
ಲಿನಕ್ಸ್ ಹಾಕಿ, ನೆಮ್ಮದಿಯಾಗಿರಿ.

ಬೂಟ್_ಆಗದವ · ರಾತ್ರಿ 9:25
ಬಂದ್ರಪ್ಪ

ಕುಡ್ಲದ_ಐಟಿ · ರಾತ್ರಿ 9:37
ಮಾರಾಯ್ರೆ, ಎಲ್ಲರೂ ಏನು ಡಿಲೀಟ್ ಮಾಡುವುದು ಅಂತ ಮಾತಾಡ್ತಾ ಇದ್ದೀರಿ, ಏನು ತಿಂತಾ ಉಂಟು ಅಂತ ಯಾರೂ ಕೇಳ್ಲೇ ಇಲ್ಲ. ಬೆಳಿಗ್ಗೆ 700, ರಾತ್ರಿ 212. ಒಂದು ದಿವಸಕ್ಕೆ ಅರ್ಧ ಜಿಬಿ ಹೋಗ್ತಾ ಉಂಟು. ನೀವು ಇವತ್ತು ಡಿಸಂ ಮಾಡಿ 2 ಜಿಬಿ ತೆಗೆದ್ರೆ ನಾಲ್ಕು ದಿವಸ ಬಂತು. ಆಮೇಲೆ ಎಂತ ಮಾಡ್ತೀರಿ?

ವಿನ್‌ಡಿರ್‌ಸ್ಟ್ಯಾಟ್ ಹಾಕಿ ನೋಡಿ, ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಅಂತ ತೋರಿಸ್ತದೆ. ಫ್ರೀ ಉಂಟು, ಡಿ ಡ್ರೈವಿನಿಂದ್ಲೇ ಓಡಿಸಿ. ವಿಝ್‌ಟ್ರೀ ಅದಕ್ಕಿಂತ ಎಷ್ಟೋ ಫಾಸ್ಟು, ಅದು ಎನ್‌ಟಿಎಫ್‌ಎಸ್‌ನ ಎಂಎಫ್‌ಟಿಯನ್ನೇ (ಡಿಸ್ಕಿನ ಫೈಲ್ ಪಟ್ಟಿ) ಸೀದಾ ಓದ್ತದೆ, ಆದ್ರೆ ಆಫೀಸಲ್ಲಿ ಬಳಸ್ಲಿಕ್ಕೆ ಲೈಸೆನ್ಸ್ ತಗೊಳ್ಬೇಕು.

ನನ್ನ ಪಟ್ಟಿ ಹೀಗೆ: ಐಐಎಸ್ (ವಿಂಡೋಸ್‌ನ ವೆಬ್ ಸರ್ವರ್) ಉಂಟಾದ್ರೆ ಇನೆಟ್‌ಪಬ್ ಒಳಗೆ ಲಾಗ್‌ಫೈಲ್ಸ್, ಅದು ತಾನಾಗಿ ಯಾವತ್ತೂ ಡಿಲೀಟ್ ಆಗುವುದಿಲ್ಲ. ವಿಂಡೋಸ್ ಒಳಗೆ ಲಾಗ್ಸ್, ಅದರೊಳಗೆ ಸಿಬಿಎಸ್, ಅಂದ್ರೆ ಅಪ್‌ಡೇಟ್ ಹಾಕುವಾಗಿನ ಲಾಗ್. 2008 ಆರ್2 ಕಾಲದಲ್ಲಿ ಇದೊಂದು ದೊಡ್ಡ ತಲೆನೋವು ಇತ್ತು ನೋಡಿ, ಸಿಬಿಎಸ್ ಲಾಗ್ 2 ಜಿಬಿ ದಾಟಿದ್ರೆ ಅದನ್ನು ಕ್ಯಾಬ್ (ಜಿಪ್ ಥರ ಒತ್ತಿದ ಫೈಲ್) ಮಾಡ್ಲಿಕ್ಕೆ ಹೋಗಿ ಫೇಲ್ ಆಗುವುದು, ಅರ್ಧಂಬರ್ಧ ಕ್ಯಾಬ್ ಫೈಲನ್ನು ವಿಂಡೋಸ್ ಟೆಂಪಿನಲ್ಲಿ ಬಿಟ್ಟು ಹೋಗುವುದು, ಸ್ವಲ್ಪ ಹೊತ್ತಿಗೆ ಪುನಃ ಪ್ರಯತ್ನ, ಪುನಃ ಫೇಲ್. ಒಂದು ಕಡೆ ನಾನು ಹೋಗಿ ನೋಡುವಾಗ ಟೆಂಪ್ ಒಂದರಲ್ಲೇ 70 ಜಿಬಿ ಇತ್ತು. ಮತ್ತೆ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್ ಒಳಗೆ ಡೌನ್‌ಲೋಡ್, ವಿಂಡೋಸ್ ಅಪ್‌ಡೇಟ್ ಸರ್ವಿಸ್ ನಿಲ್ಲಿಸಿ ಅದನ್ನು ಖಾಲಿ ಮಾಡ್ಬಹುದು. ಮೆಮೊರಿ ಡಂಪ್ (ವಿಂಡೋಸ್ ಕ್ರ್ಯಾಶ್ ಆದಾಗ ಬರೆದಿಡುವ ಫೈಲ್) ಇದ್ರೆ ಅದು.

ಸೊಸೈಟಿ_ಹುಡ್ಗ · ರಾತ್ರಿ 10:15
@ಕುಡ್ಲದ_ಐಟಿ ಸರ್ ತುಂಬಾ ಥ್ಯಾಂಕ್ಸ್. ವಿನ್‌ಡಿರ್‌ಸ್ಟ್ಯಾಟ್ ಹಾಕ್ದೆ. ತಲೆ ಕೆಟ್ಟೋಗಿದೆ. ಎಲ್ಲ ಕೂಡಿಸಿದ್ರೂ 36 ಜಿಬಿ ಆಗುತ್ತೆ, ಪೇಜ್‌ಫೈಲ್ (ರ್ಯಾಮ್ ಸಾಲದಾಗ ವಿಂಡೋಸ್ ಬಳಸೋ ಫೈಲು) 8 ಜಿಬಿ ಸೇರಿಸಿ. ಡ್ರೈವ್ 60. ಉಳಿದ 24 ಜಿಬಿ ಎಲ್ಲಿ ಹೋಯ್ತು? ವೈರಸ್ಸಾ?

ಪೆಂಗ್ವಿನ್_ಪ್ರೇಮಿ · ರಾತ್ರಿ 10:19
ತಮಾಷೆ ಬಿಟ್ಟು ಹೇಳ್ತೀನಿ, ನಮ್ ಲಿನಕ್ಸ್ ಕಡೆನೂ ಇದು ಆಗುತ್ತೆ. ಡಿಎಫ್ (ಡಿಸ್ಕಿನ ಒಟ್ಟು ಲೆಕ್ಕ) ಕೊಟ್ರೆ ಡಿಸ್ಕ್ ಫುಲ್ ಅನ್ನುತ್ತೆ, ಡಿಯು (ಕಾಣೋ ಫೈಲುಗಳ ಲೆಕ್ಕ) ಕೊಟ್ರೆ ಅರ್ಧಾನೂ ಇಲ್ಲ. ಯಾಕಂದ್ರೆ ಯಾರೋ ಓಡ್ತಿರೋ ಪ್ರೋಗ್ರಾಮಿನ ಲಾಗ್ ಫೈಲನ್ನ ಆರ್‌ಎಂ ಹೊಡೆದು ಅಳಿಸಿರ್ತಾರೆ, ಹೆಸರು ಹೋಗಿರುತ್ತೆ ಆದ್ರೆ ಪ್ರೋಗ್ರಾಮ್ ಅದನ್ನ ಹಿಡ್ಕೊಂಡೇ ಇರುತ್ತೆ, ಜಾಗ ವಾಪಸ್ ಬರಲ್ಲ. ಎಲ್‌ಎಸ್‌ಒಎಫ್‌ನಲ್ಲಿ (ತೆರೆದಿರೋ ಫೈಲುಗಳ ಪಟ್ಟಿ) ಡಿಲೀಟೆಡ್ ಅಂತ ಹುಡುಕಿ ಆ ಸರ್ವಿಸ್ ರೀಸ್ಟಾರ್ಟ್ ಮಾಡಿದ್ರೆ ಒಂದೇ ಸಲಕ್ಕೆ ಖಾಲಿ. ಅದ್ಕೇ ಲಾಗನ್ನ ಡಿಲೀಟ್ ಮಾಡ್ಬಾರ್ದು, ಟ್ರಂಕೇಟ್ ಮಾಡ್ಬೇಕು, ಅಂದ್ರೆ ಫೈಲ್ ಇಟ್ಕೊಂಡು ಒಳಗಿರೋದನ್ನ ಮಾತ್ರ ಖಾಲಿ ಮಾಡ್ಬೇಕು. ವಿಂಡೋಸಲ್ಲಿ ಹೀಗಾಗಲ್ಲ ಅನ್ಸುತ್ತೆ, ತೆರೆದಿರೋ ಫೈಲನ್ನ ಅದು ಸಾಮಾನ್ಯವಾಗಿ ಡಿಲೀಟೇ ಮಾಡೋಕೆ ಬಿಡಲ್ವಲ್ಲ.

ಹಳೇ_ಮೌಸ್ · ರಾತ್ರಿ 10:31
ವೈರಸ್ ಅಲ್ಲ. ವಿನ್‌ಡಿರ್‌ಸ್ಟ್ಯಾಟ್‌ನ ರನ್ ಆಸ್ ಅಡ್ಮಿನಿಸ್ಟ್ರೇಟರ್ ಕೊಟ್ಟು ಓಡಿಸಿದ್ರಾ, ಸುಮ್ನೆ ಡಬಲ್ ಕ್ಲಿಕ್ ಮಾಡಿದ್ರಾ?

ಸೊಸೈಟಿ_ಹುಡ್ಗ · ರಾತ್ರಿ 10:33
ಡಬಲ್ ಕ್ಲಿಕ್

ಹಳೇ_ಮೌಸ್ · ರಾತ್ರಿ 10:41
ಹಂಗಾದ್ರೆ ನಿಮಗೆ ಪರ್ಮಿಷನ್ ಇಲ್ಲದ ಫೋಲ್ಡರೆಲ್ಲ ಸೊನ್ನೆ ಅಂತ ಲೆಕ್ಕಕ್ಕೆ ಬಂದಿರುತ್ತೆ. ಬೇರೆ ಯೂಸರ್‌ಗಳ ಪ್ರೊಫೈಲ್, ಐಐಎಸ್ ಲಾಗ್, ಎಲ್ಲಕ್ಕಿಂತ ಮುಖ್ಯವಾಗಿ ಸಿಸ್ಟಂ ವಾಲ್ಯೂಮ್ ಇನ್ಫರ್ಮೇಷನ್ ಅನ್ನೋ ಅಡಗಿರೋ ಫೋಲ್ಡರ್, ಶ್ಯಾಡೋ ಕಾಪಿ (ಫೈಲುಗಳ ಹಳೇ ವರ್ಷನ್) ಇರೋದು ಅದರಲ್ಲೇ. ಕೊನೇದಕ್ಕೆ ಅಡ್ಮಿನ್ ಆಗಿ ಓಡಿಸಿದ್ರೂ ಒಂದೊಂದ್ಸಲ ಒಳಗೆ ಬಿಡಲ್ಲ. ಅದಕ್ಕೆ ಬೇರೆ ದಾರಿ ಇದೆ. ಅಡ್ಮಿನ್ ಪ್ರಾಂಪ್ಟಲ್ಲಿ ವಿಎಸ್‌ಎಸ್‌ಅಡ್ಮಿನ್ ಲಿಸ್ಟ್ ಶ್ಯಾಡೋಸ್ಟೋರೇಜ್ ಕೊಡಿ. ಅದು ಬರೀ ಓದುತ್ತೆ, ಏನನ್ನೂ ಅಳಿಸಲ್ಲ, ಧೈರ್ಯವಾಗಿ ಕೊಡಿ. ಬಂದಿದ್ದನ್ನ ಇಲ್ಲಿ ಹಾಕಿ.

ಕೆಲ್ಸ_ಮುಗ್ಸು · ರಾತ್ರಿ 10:44
ಇಷ್ಟೆಲ್ಲ ಯಾಕೆ, ಡಿ ಯಲ್ಲಿ 900 ಜಿಬಿ ಇದ್ಯಲ್ಲ, ಅದರಲ್ಲಿ 100 ಕಿತ್ಕೊಂಡು ಸಿ ಗೆ ಸೇರಿಸಿ, ಮುಗೀತು.

ಧಾರವಾಡದಾಂವ · ರಾತ್ರಿ 10:50
ಅಷ್ಟ್ ಸಸಾರ ಇಲ್ಲಪಾ. ಡಿ ಶ್ರಿಂಕ್ ಮಾಡಿದ್ರ ಖಾಲಿ ಜಾಗಾ ಡಿ ಹಿಂದ, ಅಂದ್ರ ಬಲಗಡೆ ಕಡೀಗೆ ಬರತೈತಿ. ಸಿ ದೊಡ್ಡದು ಮಾಡಾಕ ಜಾಗಾ ಸಿ ಮಗ್ಗಲದಾಗ ಬೇಕು. ನಡಕ ಡಿ ಗ್ವಾಡಿ ಹಂಗ ನಿಂತಿರತೈತಿ, ಎಕ್ಸ್‌ಟೆಂಡ್ ವಾಲ್ಯೂಮ್ ಮಬ್ಬಾಗೇ ಇರತೈತಿ. ಡಿ ಎಲ್ಲಾ ತಗದು ಮತ್ತ ಮಾಡಬೇಕು, ಇಲ್ಲಾ ಬ್ಯಾರೆ ಪಾರ್ಟಿಷನ್ ಟೂಲ್ ಹಾಕಬೇಕು. ಮಾರ್ಚ್ 29ಕ್ಕ ಅದನ್ನ ಮಾಡಾಂವಗ ಎದಿಗಟ್ಟಿ ಬೇಕು.

ಅಷ್ಟಕ್ಕೂ ಈ 60 ಜಿಬಿ ಸಿ ಮಾಡೋ ಚಟ ಯಾರು ಶುರು ಮಾಡಿದ್ರೋ. ಮೈಕ್ರೋಸಾಫ್ಟ್‌ನವರು 32 ಜಿಬಿ ಮಿನಿಮಮ್ ಅಂತ ಬರದಾರ, ನಮ್ ಮಂದಿ ಅದರ ಡಬಲ್ ಕೊಟ್ಟೀವಿ ಸಾಕು ಅಂತ ಎದಿ ತಟ್ಕೋತಾರ. ಮಿನಿಮಮ್ ಅಂದ್ರ ಇನ್‌ಸ್ಟಾಲ್ ಆಗಾಕ, ಸಂಸಾರ ಮಾಡಾಕ ಅಲ್ಲ.

ಕುಡ್ಲದ_ಐಟಿ · ರಾತ್ರಿ 10:53
"ಸಂಸಾರ ಮಾಡಾಕ ಅಲ್ಲ" 😂 ಇದನ್ನು ನಾಳೆ ನಮ್ಮ ಬಾಸಿಗೆ ಹೇಳ್ತೇನೆ

ಸೊಸೈಟಿ_ಹುಡ್ಗ · ರಾತ್ರಿ 11:02
ಅಡ್ಮಿನ್ ಆಗಿ ಓಡಿಸ್ದೆ. ಐಐಎಸ್ ಲಾಗ್ 4 ಜಿಬಿ, ಬೇರೆಯವರ ಪ್ರೊಫೈಲ್ 3. ಇನ್ನೂ 17 ಹತ್ರ ಕಾಣ್ತಿಲ್ಲ. @ಹಳೇ_ಮೌಸ್ ಸರ್ ನೀವು ಹೇಳಿದ ಕಮಾಂಡ್ ಕೊಟ್ರೆ ಹೀಗ್ ಬಂತು (ನೋಡಿ ಕನ್ನಡದಲ್ಲಿ ಬರೀತಿದೀನಿ): ಫಾರ್ ವಾಲ್ಯೂಮ್ ಡಿ. ಶ್ಯಾಡೋ ಕಾಪಿ ಸ್ಟೋರೇಜ್ ವಾಲ್ಯೂಮ್ ಸಿ. ಯೂಸ್ಡ್ 16 ಚಿಲ್ಲರೆ ಜಿಬಿ. ಮ್ಯಾಕ್ಸಿಮಮ್ ಅನ್‌ಬೌಂಡೆಡ್. ಇದರರ್ಥ ಏನು?

ಹಳೇ_ಮೌಸ್ · ರಾತ್ರಿ 11:20
ಸಿಕ್ತಲ್ಲ ಕಳ್ಳ. ಮೊದಲನೇ ಪೋಸ್ಟಲ್ಲೇ ನೀವೇ ಅವನ ವಿಳಾಸ ಕೊಟ್ಟು, ಸಂಬಂಧ ಇಲ್ಲ ಅಂತ ಬಿಟ್ಟಿದ್ರಿ.

ಡಿ ಡ್ರೈವಿಗೆ ಯಾರೋ ಶ್ಯಾಡೋ ಕಾಪಿ ಆನ್ ಮಾಡಿದಾರೆ, ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರೀವಿಯಸ್ ವರ್ಷನ್ಸ್ ಅಂತ ನೋಡ್ತೀವಲ್ಲ, ಅದು. ಅದನ್ನ ಇಡೋ ಜಾಗ ಸಿ ಅಂತ ಕೊಟ್ಟಿದಾರೆ, ಲಿಮಿಟ್ಟೂ ತೆಗೆದಿದಾರೆ. ಅನ್‌ಬೌಂಡೆಡ್ ಅಂದ್ರೆ ಜಾಗ ಇರೋವರೆಗೂ ತಿನ್ನು ಅಂತ. ಸುಮ್ನೆ ಬಿಟ್ಟಿದ್ರೆ ಅದೇ ಡ್ರೈವಲ್ಲಿ 10 ಪರ್ಸೆಂಟ್ ಇರ್ತಿತ್ತು.

ಈಗ ಸಿಸಿಟಿವಿ ಕತೆ. ಶ್ಯಾಡೋ ಕಾಪಿ ಅನ್ನೋದು ಪೂರ್ತಿ ನಕಲು ಅಲ್ಲ. ಸ್ನ್ಯಾಪ್‌ಶಾಟ್ (ಆ ಕ್ಷಣದಲ್ಲಿ ಡ್ರೈವ್ ಹೇಗಿತ್ತು ಅನ್ನೋ ಗುರುತು) ತಗೊಂಡ ಮೇಲೆ ಡಿ ಯಲ್ಲಿ ಯಾವ ಬ್ಲಾಕ್ (ಡಿಸ್ಕಿನ ಸಣ್ಣ ತುಂಡು) ಮೇಲೆ ಹೊಸದನ್ನ ಬರೆದ್ರೂ, ಬರೆಯೋಕೆ ಮುಂಚೆ ಅಲ್ಲಿದ್ದ ಹಳೇದನ್ನ ಎತ್ತಿ ಶ್ಯಾಡೋ ಸ್ಟೋರೇಜಲ್ಲಿ ಇಟ್ಕೊಳ್ಳುತ್ತೆ. ಸಿಸಿಟಿವಿ ಏನ್ ಮಾಡುತ್ತೆ? ದಿನಾ ಹೊಸ ವಿಡಿಯೋ ಬರುತ್ತೆ, ಹಳೇದು ಹೋಗುತ್ತೆ, ಅದೇ ಬ್ಲಾಕ್‌ಗಳ ಮೇಲೆ ಹೊಸದು ಕೂರುತ್ತೆ. ಹಂಗೆ ಕೂತಾಗಲೆಲ್ಲ ಹಳೇ ವಿಡಿಯೋದ ತುಣುಕು ಎದ್ದು ಸಿ ಗೆ ಬರ್ತಿದೆ. ನೀವು ಡಿ ಗೆ ಬರೀತಿದೀರಿ, ಸಿ ತುಂಬ್ತಿದೆ.

ಕುಡ್ಲದ_ಐಟಿ · ರಾತ್ರಿ 11:24
ಅಯ್ಯೋ ದೇವ್ರೇ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ಬೂಟ್_ಆಗದವ · ರಾತ್ರಿ 11:26
ಗಾದೆ ಸರಿ ಹೊಂದಲಿಲ್ಲ ಸರ್, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತ ಇರ್ಬೇಕು.

ಕುಡ್ಲದ_ಐಟಿ · ರಾತ್ರಿ 11:27
ಅದೂ ಹೊಂದುವುದಿಲ್ಲ, ಇಲ್ಲಿ ಎಮ್ಮೆಗೇ ಜ್ವರ ಬಂದದ್ದು

ಸೊಸೈಟಿ_ಹುಡ್ಗ · ರಾತ್ರಿ 11:30
ಸರ್ ಗಾದೆ ಆಮೇಲೆ, ಈಗ ಏನ್ ಮಾಡ್ಲಿ? ಇದ್ಯಾಕೆ ಸಿ ಗೆ ಹಾಕಿದ್ರು?

ಹಳೇ_ಮೌಸ್ · ರಾತ್ರಿ 11:48
ಯಾಕೆ ಅಂದ್ರೆ, ಫೈಲ್ ಸರ್ವರ್ ಮೇಲೆ ಕೆಲಸ ಜಾಸ್ತಿ ಇದ್ರೆ ಶ್ಯಾಡೋ ಕಾಪಿನ ಬೇರೆ ವಾಲ್ಯೂಮಲ್ಲಿ ಇಡಿ ಅಂತ ಮೈಕ್ರೋಸಾಫ್ಟ್‌ನವರದೇ ಸಲಹೆ ಇದೆ. ಹಳಬರು ಅದನ್ನ ಓದಿ ಮಾಡಿರ್ಬೋದು, ಬೈಬೇಡಿ. ಆದ್ರೆ ಆ ಸಲಹೆ ಬೇರೆ ಡಿಸ್ಕ್ ಇದ್ದೋರಿಗೆ. ನಿಮ್ಮ ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಭಾಗ ಆಗಿದ್ರೆ ಲಾಭ ಸೊನ್ನೆ, ಬರೀ ಅಪಾಯ.

ಮಾಡೋದು ಹೀಗೆ. ಮೊದಲು ಡಿ ಯಲ್ಲಿರೋ ಲೆಕ್ಕದ ಡೇಟಾನ ಎಕ್ಸ್‌ಟರ್ನಲ್ ಡಿಸ್ಕಿಗೆ ಬ್ಯಾಕಪ್ ತಗೊಳ್ಳಿ, ಅದಾಗೋವರೆಗೆ ಮುಂದಕ್ಕೆ ಹೋಗ್ಬೇಡಿ. ಸ್ಟೋರೇಜ್ ಜಾಗ ಬದಲಿಸ್ಬೇಕಂದ್ರೆ ಈಗಿರೋ ಶ್ಯಾಡೋ ಕಾಪಿ ಅಷ್ಟೂ ಅಳಿಸ್ಲೇಬೇಕು, ಅಂದ್ರೆ ಹಳೇ ಪ್ರೀವಿಯಸ್ ವರ್ಷನ್ ಎಲ್ಲ ಹೋಗುತ್ತೆ. ಯಾರಾದ್ರೂ "ಹೋದ ವಾರ ಡಿಲೀಟ್ ಆದ ಫೈಲ್ ಬೇಕು" ಅಂತ ಕಾಯ್ತಿದ್ರೆ ಈಗ್ಲೇ ತೆಗ್ದು ಕೊಟ್ಬಿಡಿ. ಆಮೇಲೆ ವಿಎಸ್‌ಎಸ್‌ಅಡ್ಮಿನ್ ಡಿಲೀಟ್ ಶ್ಯಾಡೋಸ್, ಫಾರ್ ಡಿ, ಆಲ್. ಅದಾದ್ಮೇಲೆ ಡಿಲೀಟ್ ಶ್ಯಾಡೋಸ್ಟೋರೇಜ್, ಫಾರ್ ಡಿ, ಆನ್ ಸಿ. ಆಮೇಲೆ ಆಡ್ ಶ್ಯಾಡೋಸ್ಟೋರೇಜ್, ಫಾರ್ ಡಿ, ಆನ್ ಡಿ, ಮ್ಯಾಕ್ಸ್‌ಸೈಜ್ 60 ಜಿಬಿ ಥರ ಒಂದು ಲಿಮಿಟ್. ಡಿಲೀಟ್ ಕೊಟ್ಟಾಗ ಔಟ್‌ಸೈಡ್ ಆಫ್ ಯುವರ್ ಅಲೌಡ್ ಕಾಂಟೆಕ್ಸ್ಟ್ ಅಂತ ಏನಾದ್ರೂ ಬಂದ್ರೆ ಅದು ಬ್ಯಾಕಪ್ ಸಾಫ್ಟ್‌ವೇರ್ ಮಾಡಿದ ಸ್ನ್ಯಾಪ್‌ಶಾಟ್, ಡಿಸ್ಕ್‌ಶ್ಯಾಡೋ ಅನ್ನೋ ಟೂಲಿಂದ ತೆಗೀಬೇಕಾಗುತ್ತೆ, ಹಂಗಾದ್ರೆ ಇಲ್ಲಿ ಹೇಳಿ.

ಧಾರವಾಡದಾಂವ · ರಾತ್ರಿ 11:55
ಒಂದ್ ಮಾತ್ರಿ. ಡಿ ಗ ಲಿಮಿಟ್ ಹಾಕಿದ್ರ ಸಿ ಉಳೀತು ಖರೆ, ಆದ್ರ ಸಿಸಿಟಿವಿ ಅಲ್ಲೇ ಇದ್ರ ಆ 60 ಜಿಬಿ ಅದ ತುಂಬತೈತಿ, ಹಳೇ ಶ್ಯಾಡೋ ಕಾಪಿ ತಾನ ಹಾರಿ ಹೋಗ್ತಾವ. ಲೆಕ್ಕದ ಫೈಲಿಂದ ಹಳೇ ವರ್ಷನ್ ಬೇಕಂದ್ರ ಬಹಳ ಹಿಂದಕ್ಕ ಹೋಗಾಕ ಆಗಂಗಿಲ್ಲ. ಶ್ಯಾಡೋ ಕಾಪಿ ವಾಲ್ಯೂಮ್ ಪೂರ್ತಿಗೆ, ಈ ಫೋಲ್ಡರ್ ಬಿಡು ಅಂತ ಹೇಳಾಕ ಬರಂಗಿಲ್ಲ. ಸಿಸಿಟಿವಿನ ಅಲ್ಲಿಂದ ಎಬ್ಬಸ್ರಿ.

ಹಳೇ_ಮೌಸ್ · ರಾತ್ರಿ 11:58
ನೂರಕ್ಕೆ ನೂರು. ನಾನು ಬರೀಬೇಕಿತ್ತು, ಬಿಟ್ಟೋಯ್ತು.

ಕೆಲ್ಸ_ಮುಗ್ಸು · ರಾತ್ರಿ 12:04
ಶ್ಯಾಡೋ ಕಾಪಿನೇ ಆಫ್ ಮಾಡಿ ಬಿಸಾಕಿ, ಬ್ಯಾಕಪ್ ಇದ್ಯಲ್ಲ

ಬೂಟ್_ಆಗದವ · ರಾತ್ರಿ 12:09
ಬ್ಯಾಕಪ್ ರಾತ್ರಿ ಒಂದ್ಸಲ ಆಗುತ್ತೆ. ಮಧ್ಯಾಹ್ನ 3 ಗಂಟೆಗೆ ಮೇಡಂ ಎಕ್ಸೆಲ್ ಶೀಟಲ್ಲಿ ಒಂದು ಕಾಲಂ ಅಳಿಸಿ ಸೇವ್ ಕೊಟ್ರೆ 12 ಗಂಟೆಯ ಶ್ಯಾಡೋ ಕಾಪಿನೇ ಗತಿ. ನನ್ನ ಮಾನ ಎಷ್ಟೋ ಸಲ ಉಳಿಸಿದೆ ಅದು. ಆದ್ರೆ ಅದನ್ನ ಬ್ಯಾಕಪ್ ಅಂತ ನಂಬ್ಕೊಂಡು ಕೂರೋದೂ ತಪ್ಪು, ಡಿಸ್ಕ್ ಹೋದ್ರೆ ಎರಡೂ ಒಟ್ಟಿಗೇ ಹೋಗುತ್ತೆ. ರಾನ್ಸಮ್‌ವೇರ್ ಬಂದ್ರೂ ಅದು ಮೊದಲು ಮಾಡೋ ಕೆಲಸಾನೇ ವಿಎಸ್‌ಎಸ್‌ಅಡ್ಮಿನ್ ಡಿಲೀಟ್ ಶ್ಯಾಡೋಸ್.

ಸೊಸೈಟಿ_ಹುಡ್ಗ · ಮರುದಿನ ಬೆಳಿಗ್ಗೆ 7:40
ರಾತ್ರಿ 2 ಗಂಟೆಗೆ ಮುಗೀತು. ಸಿ ಯಲ್ಲಿ ಈಗ 22 ಜಿಬಿ ಖಾಲಿ!!! ಶ್ಯಾಡೋ 16, ಐಐಎಸ್ ಲಾಗ್ ಹಳೇದನ್ನ ಜಿಪ್ ಮಾಡಿ ಡಿ ಗೆ ಹಾಕಿದ್ದಕ್ಕೆ 4 ಹತ್ತಿರ, ಡಿಸಂ 2 ಕೊಡ್ತು (ರೀಸೆಟ್‌ಬೇಸ್ ಮುಟ್ಟಿಲ್ಲ ಧಾರವಾಡದ ಸರ್). ಸಿಸಿಟಿವಿ ಕಾಪಿ ಸದ್ಯಕ್ಕೆ ನಿಲ್ಲಿಸಿದೀನಿ. ಬೇರೆ ಡಿಸ್ಕ್ ಬೇಕು ಅಂತ ಸೆಕ್ರೆಟರಿ ಹತ್ರ ಹೇಳಿದ್ರೆ "ಕಾಪಿ ಬೇಕು ಅಂದೋರು ಆಡಳಿತ ಮಂಡಳಿಯವರು, ಮೀಟಿಂಗ್‌ನಲ್ಲಿ ಇಡೋಣ" ಅಂದ್ರು. ಮೀಟಿಂಗ್ ಏಪ್ರಿಲ್ ಎರಡನೇ ವಾರ.

ಇನ್ನೊಂದು ಡೌಟು, ಪೇಜ್‌ಫೈಲ್ 8 ಜಿಬಿನೂ ಡಿ ಗೆ ಕಳಿಸ್ಲಾ? ಮತ್ತೆ ಕೆಲಸ ಬಿಟ್ಟು ಹೋದವರದ್ದು ನಾಕು ಪ್ರೊಫೈಲ್ ಇದೆ, ಯೂಸರ್ಸ್ ಫೋಲ್ಡರಿಂದ ಡಿಲೀಟ್ ಮಾಡ್ಬೋದಾ?

ಕುಡ್ಲದ_ಐಟಿ · ಬೆಳಿಗ್ಗೆ 8:05
22 ಜಿಬಿ ಸಿಕ್ಕಿದ ಮೇಲೆ ಪೇಜ್‌ಫೈಲಿನ ಸುದ್ದಿಗೆ ಹೋಗ್ಬೇಡಿ ಮಾರಾಯ್ರೆ. ಸಿ ಯಿಂದ ಪೂರ್ತಿ ತೆಗೆದ್ರೆ ನೀಲಿ ಸ್ಕ್ರೀನ್ ಬಂದ ದಿವಸ ಡಂಪ್ ಬರೀಲಿಕ್ಕೆ ಜಾಗ ಇರುವುದಿಲ್ಲ, ಯಾಕೆ ಬಿತ್ತು ಅಂತಲೇ ಗೊತ್ತಾಗುವುದಿಲ್ಲ.

ಪ್ರೊಫೈಲ್ ಫೋಲ್ಡರಿಂದ ಡಿಲೀಟ್ ಮಾಡ್ಬೇಡಿ. ಸಿಸ್ಟಂ ಪ್ರಾಪರ್ಟೀಸ್, ಅಡ್ವಾನ್ಸ್ಡ್, ಯೂಸರ್ ಪ್ರೊಫೈಲ್ಸ್ ಅಂತ ಉಂಟು, ಅಲ್ಲಿಂದ ತೆಗೀರಿ. ಬರೀ ಫೋಲ್ಡರ್ ತೆಗೆದ್ರೆ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ಜಾಗ) ಪ್ರೊಫೈಲ್‌ಲಿಸ್ಟಿನಲ್ಲಿ ಹೆಸರು ಹಾಗೇ ಉಳೀತದೆ, ಅವರು ನಾಳೆ ವಾಪಸ್ ಕೆಲಸಕ್ಕೆ ಬಂದು ಲಾಗಿನ್ ಆದ್ರೆ ಪುನಃ ಅದೇ ಟೆಂಪರರಿ ಪ್ರೊಫೈಲ್ ರಗಳೆ. ಮೊದಲು ಅವರ ಡೆಸ್ಕ್‌ಟಾಪ್ ನೋಡಿ, ಸೊಸೈಟಿಯ ಅರ್ಧ ಲೆಕ್ಕ ಅಲ್ಲೇ ಬಿದ್ದಿರ್ತದೆ.

ಸೊಸೈಟಿ_ಹುಡ್ಗ · ಬೆಳಿಗ್ಗೆ 8:31
ನೋಡ್ದೆ ಸರ್. "ಹೊಸ ಫೈನಲ್ ಲೆಕ್ಕ 3" ಅಂತ ಒಂದು ಫೈಲ್ ಸಿಕ್ತು. ಮೇಡಂಗೆ ತೋರಿಸಿದ್ರೆ ಇದನ್ನೇ ಆರು ತಿಂಗಳಿಂದ ಹುಡುಕ್ತಿದ್ದೆ ಅಂದ್ರು.

ಧಾರವಾಡದಾಂವ · ಬೆಳಿಗ್ಗೆ 8:40
ಮೇಡಮ್ಮಗ ಹೇಳಿ ಚಾ ತರಸ್ಕೊಳ್ರಿ ಇವತ್ತ. ಮತ್ತ 2016ಕ್ಕ ಸಪೋರ್ಟ್ 2027ರ ಜನವರಿ 12ರ ತನಕ ಅಷ್ಟ. ಏಪ್ರಿಲ್ ಮೀಟಿಂಗ್‌ನಾಗ ಡಿಸ್ಕ್ ಕೇಳೋ ಮುಂದ ಹೊಸ ಸರ್ವರ್ ಮಾತೂ ತಗೀರಿ, ಸಿ ಡ್ರೈವ್ 60 ಬ್ಯಾಡ್ರಿ, 200 ಇರಲಿ.

ಹೊಸಬಳು_22 · ಬೆಳಿಗ್ಗೆ 9:12
ಹಾಯ್, ನಂದೂ ಲ್ಯಾಪ್‌ಟಾಪಲ್ಲಿ ಸಿ ಡ್ರೈವ್ ಕೆಂಪಗಾಗಿದೆ, ಹೈಬರ್‌ಫಿಲ್ ಅಂತ ಏನೋ 6 ಜಿಬಿ ಇದೆ, ಅದನ್ನ ಡಿಲೀಟ್ ಮಾಡ್ಬೋದಾ?

ಕೆಲ್ಸ_ಮುಗ್ಸು · ಬೆಳಿಗ್ಗೆ 9:13
ಡಿಲೀಟ್ ಹೊಡಿ

ಬೂಟ್_ಆಗದವ · ಬೆಳಿಗ್ಗೆ 9:14
ಕೈಯಿಂದ ಅಲ್ಲ!! ಅಡ್ಮಿನ್ ಪ್ರಾಂಪ್ಟಲ್ಲಿ ಪವರ್‌ಸಿಎಫ್‌ಜಿ, ಎಚ್, ಆಫ್. ತಾನೇ ಹೋಗುತ್ತೆ, ಆದ್ರೆ ಹೈಬರ್ನೇಟ್ ಇರಲ್ಲ ಆಮೇಲೆ. ಉಳಿದಿದ್ದಕ್ಕೆ ಹೊಸ ಥ್ರೆಡ್ ಹಾಕಿ ಮೇಡಂ, ಇದ್ರಲ್ಲಿ ಈಗಾಗ್ಲೇ ಜಾಗ ಇಲ್ಲ.